ದಿ ಬಿಗ್ ಸ್ಲೀಪ್ (1946ರ ಚಲನಚಿತ್ರ)

ದಿ ಬಿಗ್ ಸ್ಲೀಪ್ 1946ರ ಆಗಸ್ಟ್ ತಿಂಗಳಿನಲ್ಲಿ ತೆರೆಕಂಡ ಅಮೆರಿಕದ ಕಪ್ಪು-ಬಿಳುಪು ಪತ್ತೇದಾರಿ ಚಲನಚಿತ್ರ. ರೇಮಂಡ್ ಚಾಂಡ್ಲರ್ ಅವರ ಇದೇ ಹೆಸರಿನ 1939ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ಹೊವರ್ಡ್ ಹಾಕ್ಸ್ ಅವರು ವಾರ್ನರ್ ಬ್ರದರ್ಸ್ ಸಂಸ್ಥೆಗಾಗಿ ನಿರ್ಮಿಸಿ ನಿರ್ದೇಶಿಸಿದರು. ಚಿತ್ರಕಥೆಯನ್ನು ವಿಲಿಯಂ ಫಾಕ್ನರ್, ಲೀ ಬ್ರಾಕೆಟ್ ಮತ್ತು ಜೂಲ್ಸ್ ಫರ್ತ್‌ಮನ್ ರಚಿಸಿದರು. ಇವರ ಪೈಕಿ ಫಾಕ್ನರ್ ಮುಂದೆ 1949ರ ಸಾಹಿತ್ಯ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ಹಂಫ್ರಿ ಬೋಗಾರ್ಟ್ ಮತ್ತು ಲಾರೆನ್ ಬಕಾಲ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಒಂದೇ ಚಿತ್ರಕ್ಕೆ 1945ರದೊಂದು, 1946ರದೊಂದು ಹೀಗೆ ಎರಡು ಪಾಠಗಳಿರುವುದು ಇದರ ವಿಶೇಷ. ಡಿವಿಡಿ ಬಂದ ಮೇಲೆ ಇವೆರಡನ್ನೂ ಮನೆಯಲ್ಲಿಯೇ ಹೋಲಿಸಿ ನೋಡುವುದು ಸಾಧ್ಯವಾಯಿತು.

ಕಥಾವಸ್ತು

ಲಾಸ್ ಏಂಜಲೀಸ್ ನಗರದ ಖಾಸಗಿ ಪತ್ತೇದಾರ ಫಿಲಿಪ್ ಮಾರ್ಲೋನನ್ನು ವೃದ್ಧನೂ ರೋಗಿಯೂ ಆದ ಜನರಲ್ ಸ್ಟರ್ನ್‌ವುಡ್ ಕರೆಸಿಕೊಳ್ಳುತ್ತಾನೆ. ಕಿರಿಯ ಮಗಳು ಕಾರ್ಮೆನ್ ಬರೆದುಕೊಟ್ಟ ಸಾಲಪತ್ರಗಳನ್ನು ಮುಂದಿಟ್ಟುಕೊಂಡು ಗೈಗರ್ ಎಂಬ ಪುಸ್ತಕ ವ್ಯಾಪಾರಿ ಹಣ ಕೀಳಲು ಯತ್ನಿಸುತ್ತಿರುತ್ತಾನೆ. ಮಾರ್ಲೋ ಅವನ ಬೆನ್ನುಹತ್ತಿದ ರಾತ್ರಿಯೇ ಗೈಗರ್ ಕೊಲೆಯಾಗುತ್ತಾನೆ. ಸ್ಟರ್ನ್‌ವುಡ್ ಮನೆಯ ಕಾರು ಚಾಲಕ ಓವನ್ ಟೇಲರ್‌ನ ಹೆಣ ಸಮುದ್ರಕ್ಕೆ ಬಿದ್ದ ಕಾರಿನಲ್ಲಿ ದೊರೆಯುತ್ತದೆ. ಅಲ್ಲಿಂದ ಮುಂದೆ ಜೂಜುಕಟ್ಟೆಯ ಒಡೆಯ ಎಡ್ಡಿ ಮಾರ್ಸ್, ನಾಪತ್ತೆಯಾದ ಶಾನ್ ರೀಗನ್, ಏನನ್ನೋ ಮುಚ್ಚಿಡುತ್ತಿರುವ ಹಿರಿಯ ಮಗಳು ವಿವಿಯನ್ ಇವರೆಲ್ಲರ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಕಥೆ ತೊಡಕಿನದೆಂಬ ಮಾತು ಪ್ರಸಿದ್ಧವಾಗಿದೆ. ಕಾರು ಚಾಲಕನನ್ನು ಕೊಂದವರು ಯಾರೆಂದು ಚಿತ್ರತಂಡದವರು ಚಾಂಡ್ಲರ್ ಅವರನ್ನೇ ತಂತಿಯ ಮೂಲಕ ಕೇಳಿದಾಗ, ತಮಗೂ ತಿಳಿಯದೆಂದು ಅವರು ಉತ್ತರಿಸಿದರು. ಆದರೆ ತೊಡಕಿನ ಹೊಣೆಯೆಲ್ಲವೂ ಕಾದಂಬರಿಕಾರರದಲ್ಲ. ಅಂದಿನ ಹಾಲಿವುಡ್‌ನ ನೀತಿಸಂಹಿತೆಯ ಕಾರಣದಿಂದ ಗೈಗರ್‌ನ ಅಶ್ಲೀಲ ಪುಸ್ತಕಗಳ ವ್ಯವಹಾರವನ್ನು ಚಿತ್ರದಲ್ಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕಾದಂಬರಿಯನ್ನು ಓದದ ಪ್ರೇಕ್ಷಕನಿಗೆ ಆ ಅಂಗಡಿಯ ಗುಟ್ಟೇನೆಂಬುದು ಊಹೆಗೆ ಬಿಟ್ಟ ವಿಷಯ.

ಎರಡು ಪಾಠಗಳು

ಚಿತ್ರೀಕರಣವು 1944ರ ಅಕ್ಟೋಬರ್‌ನಲ್ಲಿ ಆರಂಭವಾಗಿ 1945ರ ಜನವರಿಯಲ್ಲಿ ಮುಗಿಯಿತು. ಎರಡನೆಯ ಮಹಾಯುದ್ಧ ಅಂತ್ಯದ ಹಂತದಲ್ಲಿದ್ದುದರಿಂದ, ಯುದ್ಧವಿಷಯಕ ಚಿತ್ರಗಳು ಹಳಸಿಹೋಗುವ ಮುನ್ನ ಅವುಗಳನ್ನು ಬಿಡುಗಡೆ ಮಾಡಲು ಸಂಸ್ಥೆ ಆತುರಪಟ್ಟು, ಈ ಚಿತ್ರವನ್ನು ತಡೆಹಿಡಿಯಿತು. ಈ ನಡುವೆ, ವಿದೇಶಗಳಲ್ಲಿದ್ದ ಅಮೆರಿಕದ ಸೈನಿಕರಿಗೆ ಮಾತ್ರ ಇದನ್ನು 1945ರಲ್ಲಿ ತೋರಿಸಲಾಯಿತು.

ಅದೇ ವರ್ಷ ಬಂದ ಕಾನ್ಫಿಡೆನ್ಷಿಯಲ್ ಏಜೆಂಟ್ ಚಿತ್ರದಲ್ಲಿ ಬಕಾಲ್ ಅವರ ಅಭಿನಯವನ್ನು ವಿಮರ್ಶಕರು ಕಟುವಾಗಿ ಟೀಕಿಸಿದರು. ಅವರ ವ್ಯವಹಾರ ಪ್ರತಿನಿಧಿ ಚಾರ್ಲ್ಸ್ ಫೆಲ್ಡ್‌ಮನ್, ದಿ ಬಿಗ್ ಸ್ಲೀಪ್‌ನಲ್ಲಿ ಬಕಾಲ್ ಅವರ ದೃಶ್ಯಗಳನ್ನು ಮತ್ತೆ ಚಿತ್ರೀಕರಿಸಬೇಕೆಂದು ಜಾಕ್ ವಾರ್ನರ್ ಅವರಿಗೆ ಪತ್ರ ಬರೆದರು. ಇಪ್ಪತ್ತೊಂದರ ಹರೆಯದ ನಟಿಯೊಬ್ಬರ ವೃತ್ತಿಜೀವನವೇ ಆಗ ಪಣಕ್ಕಿತ್ತೆನ್ನಬಹುದು. 1946ರ ಆರಂಭದಲ್ಲಿ ಹೊಸ ದೃಶ್ಯಗಳು ಸಿದ್ಧವಾದವು. ಕುದುರೆ ಪಂದ್ಯದ ನೆವದಲ್ಲಿ ನಾಯಕ-ನಾಯಕಿಯರು ಇಬ್ಬಗೆಯ ಅರ್ಥದಲ್ಲಿ ಮಾತನಾಡುವ ಸುಪ್ರಸಿದ್ಧ ದೃಶ್ಯ ಸೇರಿದ್ದು ಆಗಲೇ. ಇವುಗಳಿಗೆ ಎಡೆಮಾಡಿಕೊಡಲು ಸರ್ಕಾರಿ ವಕೀಲರ ಕಚೇರಿಯಲ್ಲಿ ಮಾರ್ಲೋ ಅದುವರೆಗಿನ ಘಟನೆಗಳನ್ನು ಬಿಡಿಸಿ ಹೇಳುವ ದೀರ್ಘ ದೃಶ್ಯವನ್ನು ಕೈಬಿಡಲಾಯಿತು.

ಹೀಗೆ 116 ನಿಮಿಷಗಳ ಮೊದಲ ಪಾಠದಲ್ಲಿ ಕಥೆ ಹೆಚ್ಚು ಸ್ಪಷ್ಟ. 114 ನಿಮಿಷಗಳ ಎರಡನೆಯದರಲ್ಲಿ ಜೋಡಿಯ ಸೊಗಸು ಹೆಚ್ಚು. ರಸಪುಷ್ಟಿಯ ದೃಷ್ಟಿಯಿಂದ ಎರಡನೆಯದೇ ಮೇಲೆಂದು ಹೇಳಬೇಕಾಗುತ್ತದೆ. ಮೊದಲನೆಯದು ಅಧ್ಯಯನಕ್ಕೆ ಬೆಲೆಯುಳ್ಳದ್ದು, ಆದರೆ ಅಲ್ಲಲ್ಲಿ ಜಡವಾಗಿದೆ. ಹಳಗನ್ನಡ ಕೃತಿಗಳ ಪಾಠಾಂತರಗಳನ್ನು ಬಲ್ಲವರಿಗೆ ಇಂತಹ ಹೋಲಿಕೆ ಹೊಸದೇನಲ್ಲ. ಇಲ್ಲಿ ಬದಲಾವಣೆ ಮಾಡಿದವರು ಲಿಪಿಕಾರರಲ್ಲ, ಚಿತ್ರವನ್ನು ರೂಪಿಸಿದವರೇ ಎಂಬುದಷ್ಟೇ ಭೇದ.

ಗೃಹವೀಕ್ಷಣೆಯ ಆವೃತ್ತಿಗಳು

ದಶಕಗಳ ಕಾಲ ಸಾರ್ವಜನಿಕರು ಕಂಡದ್ದು 1946ರ ಪಾಠವನ್ನು ಮಾತ್ರ. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಲನಚಿತ್ರ ಸಂಗ್ರಹಾಲಯದ ಪ್ರಯತ್ನದಿಂದ 1945ರ ಪಾಠವು ಪುನರುದ್ಧಾರಗೊಂಡು 1997ರಲ್ಲಿ ಚಿತ್ರಮಂದಿರಗಳಿಗೆ ಬಂದಿತು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲಾತಿಗೂ ಈ ಚಿತ್ರ ಆಯ್ಕೆಯಾಯಿತು.

2000ದಲ್ಲಿ ಹೊರಬಂದ ಡಿವಿಡಿಯಲ್ಲಿ ಒಂದೇ ತಟ್ಟೆಯ ಒಂದು ಮಗ್ಗುಲಲ್ಲಿ ಒಂದು ಪಾಠ, ಇನ್ನೊಂದರಲ್ಲಿ ಮತ್ತೊಂದು ಪಾಠವಿದೆ. ಎರಡರ ವ್ಯತ್ಯಾಸಗಳನ್ನು ಸಂರಕ್ಷಣಾ ತಜ್ಞ ರಾಬರ್ಟ್ ಗಿಟ್ ವಿವರಿಸುವ ಕಿರುಚಿತ್ರವೂ ಇದರಲ್ಲಿ ಅಡಕವಾಗಿದ್ದು, ವಿದ್ಯಾರ್ಥಿಗಳು ಮೊದಲು ನೋಡಬೇಕಾದದ್ದು ಇದನ್ನೇ. 2015ರ ಬ್ಲೂ-ರೇ ತಟ್ಟೆಯಲ್ಲಿಯೂ ಎರಡೂ ಪಾಠಗಳಿವೆ.

ಯಾವ ಪಾಠವನ್ನು ನೋಡುತ್ತಿದ್ದೇವೆಂದು ತಿಳಿಯಲು ಸುಲಭವಾದ ಗುರುತೊಂದಿದೆ. ಎಡ್ಡಿ ಮಾರ್ಸ್‌ನ ಹೆಂಡತಿಯ ಪಾತ್ರವನ್ನು 1945ರ ಪಾಠದಲ್ಲಿ ಪ್ಯಾಟ್ ಕ್ಲಾರ್ಕ್, 1946ರ ಪಾಠದಲ್ಲಿ ಪೆಗ್ಗಿ ನುಡ್ಸೆನ್ ನಿರ್ವಹಿಸಿದ್ದಾರೆ.