ಶಹಾಬಾದಿನ ಸಿಮೆಂಟೂ ಸ್ವದೇಶಿಯ ಬೆಲೆಯೂ

ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡತೊಡಗಿದುದು 1874ರಲ್ಲಿ. ಚಿತ್ತಾಪುರ, ಸೇಡಂಗಳನ್ನು ಹಾದುಹೋಗುವ ಆ ಹಾದಿಯ ಸೀಮೆಯೆಲ್ಲ ಸುಣ್ಣಕಲ್ಲಿನ ನೆಲ. ನಮ್ಮ ಪಡಸಾಲೆಗಳಲ್ಲಿ ಹಾಸಿರುವ ಶಹಾಬಾದು ಕಲ್ಲು ಇಲ್ಲಿಯದೇ. ಇಷ್ಟು ಕಲ್ಲಿರುವಾಗ ಪರದೇಶದ ಸಿಮೆಂಟನ್ನು ನಾವೇಕೆ ಕೊಳ್ಳಬೇಕು? ಪ್ರಶ್ನೆಯು ಸಹಜವಾದುದೇ; ಉತ್ತರವು ಮಾತ್ರ ಅಷ್ಟು ಸುಲಭವಾಗಿರಲಿಲ್ಲ.

1914ರಲ್ಲಿ ಹಿಂದೂಸ್ಥಾನಕ್ಕೆ ಹಡಗಿನಲ್ಲಿ ಬಂದ ಸಿಮೆಂಟು ಸುಮಾರು 1,65,000 ಟನ್ನು. ಇಲ್ಲಿ ತಯಾರಾದುದು ಒಂದು ಸಾವಿರ ಟನ್ನೂ ಇಲ್ಲ. ಮಹಾಯುದ್ಧದಲ್ಲಿ ಹಡಗುಗಳು ವಿರಳವಾದಾಗ ದೇಶೀಯ ಕಾರ್ಖಾನೆಗಳಿಗೆ ಒಳ್ಳೆಯ ಕಾಲ ಬಂದಿತು. ಲಾಭವನ್ನು ಕಂಡು ಹಲವರು ಹೊಸ ಕುಲುಮೆಗಳನ್ನು ಹೂಡಿದರು. ನಿಜಾಮರ ಸೀಮೆಯ ಶಹಾಬಾದಿನಲ್ಲಿ ಟಾಟಾ ಮನೆತನದವರ ಕಾರ್ಖಾನೆಯು ಎದ್ದುದು 1920ರ ದಶಕದಲ್ಲಿ. ಆದರೆ ಬೇಡಿಕೆಗಿಂತ ಉತ್ಪಾದನೆಯ ಶಕ್ತಿಯು ಹೆಚ್ಚಾಯಿತು. ರಕ್ಷಣಾ ಸುಂಕವು ಬೇಕೆಂದು ಮೊರೆಯಿಟ್ಟವರಿಗೆ 1925ರಲ್ಲಿ ಸುಂಕ ಮಂಡಳಿಯು ಕೊಟ್ಟ ಉತ್ತರವು ಕಟುವಾದರೂ ನಿಜ: ಬೆಲೆಯನ್ನು ಕೆಡವಿದುದು ಪರದೇಶದ ಮಾಲಲ್ಲ, ತಮ್ಮತಮ್ಮೊಳಗಿನ ಮೇಲಾಟ.

ಇದರೊಡನೆ ಸಾಗಣೆಯ ತೊಡಕೊಂದಿತ್ತು. ಸಿಮೆಂಟು ಭಾರವಾದ, ಅಗ್ಗದ ವಸ್ತು. ಪರದೇಶದ ಮಾಲು ಮುಂಬಯಿಯ ಧಕ್ಕೆಯಲ್ಲಿಯೇ ಇಳಿಯುತ್ತಿದ್ದರೆ, ಶಹಾಬಾದಿನ ಚೀಲವು ಅಲ್ಲಿಗೆ ಸುಮಾರು 600 ಕಿಲೋಮೀಟರು ರೈಲುಬಾಡಿಗೆಯನ್ನು ತೆರಬೇಕು. ಸುಂಕದ ಗೋಡೆಯನ್ನೆಬ್ಬಿಸಿದರೆ ಆ ಬಾಡಿಗೆಯು ಮಾಯವಾಗುವುದೇ? ಮುಂಬಯಿಯಲ್ಲಿ ಮನೆ ಕಟ್ಟುವವನ ಲೆಕ್ಕಕ್ಕೆ ಅದು ಬೀಳುವುದಷ್ಟೆ.

1936ರಲ್ಲಿ ಹತ್ತು ಕಂಪೆನಿಗಳು ಒಂದಾಗಿ ಎ.ಸಿ.ಸಿ. ಹುಟ್ಟಿತು, ಶಹಾಬಾದೂ ಅದರೊಳಗೆ ಸೇರಿತು. ಮೇಲಾಟವು ತಗ್ಗಿತು, ಕೊಳ್ಳುವವನ ಆಯ್ಕೆಯೂ ತಗ್ಗಿತು.

ಸ್ವಾತಂತ್ರ್ಯಾನಂತರ ವಿದೇಶೀ ವಿನಿಮಯವನ್ನು ಉಳಿಸಲು ಆಮದಿಗೆ ಕಡಿವಾಣ ಬಿದ್ದಿತು. ಸಿಮೆಂಟಿನ ದರವನ್ನೂ ಸರಕಾರವೇ ಗೊತ್ತುಮಾಡಿತು. 1968ರಲ್ಲಿ ವಾಡಿಯಲ್ಲಿ ದೊಡ್ಡ ಕಾರ್ಖಾನೆಯೇನೋ ಎದ್ದಿತು. ಆದರೆ ಗೊತ್ತಾದ ದರದಲ್ಲಿ ಹೊಸ ಬಂಡವಾಳವನ್ನು ಹೂಡಲು ಹೆಚ್ಚಿನವರು ಹಿಂಜರಿದರು. ಹೊರಗಿನ ಮಾಲಿಲ್ಲ, ಒಳಗಿನದು ಸಾಲದು. ಪರ್ಮಿಟ್ಟಿಗಾಗಿ ಕಚೇರಿಗಳನ್ನು ಸುತ್ತಿದ ದಿನಗಳು ಹಿರಿಯ ಶ್ರೋತೃಗಳಿಗೆ ನೆನಪಿರಬೇಕು; ಕಾಳಸಂತೆಯ ದರವಂತೂ ಬೇರೆಯೇ. ಸುಣ್ಣಕಲ್ಲಿನ ಗಣಿಗಳನ್ನಿಟ್ಟುಕೊಂಡೂ 1970ರ ದಶಕದ ಕೊನೆಗೆ ದೇಶವು ಮತ್ತೆ ಸಿಮೆಂಟನ್ನು ತರಿಸಬೇಕಾಯಿತು!

1982ರಲ್ಲಿ ಹಿಡಿತವು ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಮಳಖೇಡ, ಸೇಡಂಗಳಲ್ಲಿ, ಮುಂದೆ ಚಿಂಚೋಳಿ ತಾಲ್ಲೂಕಿನಲ್ಲಿಯೂ ಖಾಸಗಿ ಕಾರ್ಖಾನೆಗಳು ಬಂದವು. ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿದ್ದ ಸರಕಾರಿ ಸಿಮೆಂಟ್ ನಿಗಮದ ಕಾರ್ಖಾನೆಯು ಮಾತ್ರ ಆ ಮೇಲಾಟವನ್ನು ತಾಳಲಾರದೆ 1990ರ ದಶಕದ ಕೊನೆಗೆ ನಿಂತುಹೋಯಿತು. ಕಲ್ಲಿಗೆ ಅಲ್ಲಿ ಕೊರತೆಯಿರಲಿಲ್ಲ.