ಮಂಗನ ಕಾಯಿಲೆ: ಅರಿವು ಓಡಿತು, ಲಸಿಕೆ ಕುಂಟಿತು

1957ರ ಮೊದಲ ತಿಂಗಳುಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಬೆನ್ನಿಗೇ ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಹಳದಿ ಜ್ವರವೇ ಭಾರತಕ್ಕೆ ಬಂತೇನೋ ಎಂದು ಮೊದಲು ಗಾಬರಿಯಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತವರ ತಂಡ ಅದು ಬೇರೆಯೇ ವೈರಸ್ ಎಂದು ತೋರಿಸಿತು. ಅದರ ಹತ್ತಿರದ ನೆಂಟ ಸಿಕ್ಕಿದ್ದು ಮಾತ್ರ ರಷ್ಯಾದಲ್ಲಿ.

ಸೋವಿಯತ್ ದೇಶದ ದೂರಪೂರ್ವದ ಕಾಡುಗಳಲ್ಲಿ ಮರ ಕಡಿಯುವವರನ್ನೂ ಸೈನಿಕರನ್ನೂ ಕಾಡುತ್ತಿದ್ದ ಮಿದುಳುಜ್ವರದ ಬೆನ್ನುಹತ್ತಿ 1937ರಲ್ಲಿ ಲೆವ್ ಜಿಲ್ಬರ್ ತಂಡ ಹೋಗಿತ್ತು. ಒಂದೇ ಋತುವಿನಲ್ಲಿ ವೈರಸ್ಸನ್ನು ಬೇರ್ಪಡಿಸಿ, ಅದನ್ನು ಹರಡುವುದು ಉಣ್ಣೆ ಎಂದು ಗುರುತಿಸಿದರು. ತಂಡದ ಚುಮಕೋವ್ ಅದೇ ರೋಗ ತಗುಲಿ ಕಿವಿ ಕೇಳುವ ಶಕ್ತಿಯನ್ನೂ ಒಂದು ಕೈಯ ಬಲವನ್ನೂ ಕಳೆದುಕೊಂಡರು.

ಎರಡು ವೈರಸ್‌ಗಳ ಈ ನೆಂಟಸ್ತಿಕೆ ಮಲೆನಾಡಿನ ಸಂಶೋಧನೆಗೆ ವೇಗ ಕೊಟ್ಟಿತು, ಒಂದಿಷ್ಟು ದಾರಿಯನ್ನೂ ತಪ್ಪಿಸಿತು. ಸೈಬೀರಿಯಾ ಕಡೆಯಿಂದ ವಲಸೆ ಬರುವ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೆಂಬ ಊಹೆ ಹುಟ್ಟಿತು. ಸಲೀಂ ಅಲಿ ಅವರ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಒದಗಿದ್ದರ ಹಿಂದೆ ಈ ಊಹೆಯೂ ಇತ್ತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಪಕ್ಷಿಶಾಸ್ತ್ರಕ್ಕೆ ಮಾತ್ರ ಲಾಭವಾಯಿತು.

ನಿಜವಾದ ಉತ್ತರ ಸಿಕ್ಕಿದ್ದು ಪುಣೆ ಸಂಸ್ಥೆಯ ಸಾಗರದ ಕ್ಷೇತ್ರ ಕೇಂದ್ರದ ಕೆಲಸದಿಂದ. ಮಲೆನಾಡಿನವರು ಉಣುಗು ಎನ್ನುವ ಈ ಉಣ್ಣೆಗಳಲ್ಲಿ ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ. ಅದರ ಮರಿಗಳು ಇಲಿ, ಹಕ್ಕಿ, ಮಂಗಗಳ ರಕ್ತ ಕುಡಿದು ಬೆಳೆಯುತ್ತವೆ. ದೊಡ್ಡವಾದ ಮೇಲೆ ದನಗಳನ್ನು ಹಿಡಿಯುತ್ತವೆ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ನಡುವಯಸ್ಸಿನ ಮರಿ; ಒಣ ಎಲೆಗಳ ಮೇಲೆ ಅದು ಹೆಚ್ಚುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಮಲೆನಾಡಿನವರು ಕೊಟ್ಟಿಗೆಗೆ, ಅಡಿಕೆ ತೋಟಕ್ಕೆ ದರಕು (ಒಣ ಎಲೆ) ಗುಡಿಸಲು ಕಾಡಿಗೆ ಹೋಗುವುದೂ ಆಗಲೇ. ಮಂಗ ಇಲ್ಲಿ ಅಪರಾಧಿಯಲ್ಲ, ನಮಗಿಂತ ಮೊದಲು ಬಲಿಯಾಗುವ ಪ್ರಾಣಿ. ಅದು ಸತ್ತು ಬಿದ್ದಲ್ಲಿ ಮೈಮೇಲಿನ ಉಣುಗುಗಳು ಉದುರಿ, ಆ ಜಾಗವೇ ಅಪಾಯದ ತಾಣವಾಗುತ್ತದೆ. ರೋಗಿಯಿಂದ ಇನ್ನೊಬ್ಬರಿಗೆ ಜ್ವರ ದಾಟುವುದಿಲ್ಲ.

1969ರಲ್ಲಿ ವಿಜ್ಞಾನಿ ಹೋರ್ಹೆ ಬೋಶೆಲ್ ಬರೆದ ಲೇಖನ ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಮುಖ್ಯ ಬರಹ. ಕಾಡಂಚಿನಲ್ಲಿ ಜನ ಹೆಚ್ಚಿ, ದನಗಳು ಕಾಡಿಗೆ ಮೇಯಲು ನುಗ್ಗಿದ್ದರಿಂದ ಉಣುಗು ಬೆಳೆಯಿತು, ಮೂಲೆಯಲ್ಲಿದ್ದ ವೈರಸ್ ಹೊರಬಂತು ಎಂಬುದು ಅವರ ವಾದ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಮೇಲೆ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನೂರಕ್ಕೂ ಹೆಚ್ಚು ಮಂದಿ ಸತ್ತರು. ಕಾಡು, ತೋಟ, ದನ ಒಂದರೊಳಗೊಂದು ಬೆರೆತಲ್ಲೇ ಅಪಾಯ ಹೆಚ್ಚೆಂದು ಈಚಿನ ಅಧ್ಯಯನಗಳೂ ಹೇಳುತ್ತಿವೆ. ಬೋಶೆಲ್ ಅವರ ಎಚ್ಚರಿಕೆ ಮಾತ್ರ ಕಡತದಲ್ಲೇ ಉಳಿಯಿತು.

ಲಸಿಕೆಯ ಕಥೆ ಇನ್ನೂ ನಿಧಾನ. ಮೊದಲು ರಷ್ಯಾದ ಮಿದುಳುಜ್ವರದ ಲಸಿಕೆಯನ್ನೇ ಕೊಟ್ಟು ನೋಡಿದರು, ನಾಟಲಿಲ್ಲ. ಆಮೇಲೆ ಕೋಳಿ ಭ್ರೂಣದ ಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಲಸಿಕೆ ಮಾಡಿದರು. 1990-92ರ ಪ್ರಯೋಗದಲ್ಲಿ ಎರಡು ಡೋಸ್‌ಗೆ ಶೇ 94ರಷ್ಟು ರಕ್ಷಣೆ ಕಂಡಿತ್ತು. 2005-10ರ ಲೆಕ್ಕದಲ್ಲಿ ಅದು ಶೇ 62ಕ್ಕೆ ಇಳಿಯಿತು. ಬೂಸ್ಟರ್ ಸೇರಿದರೆ ಶೇ 83. ರಕ್ಷಣೆ ಬಹುಕಾಲ ನಿಲ್ಲದ್ದರಿಂದ ವರ್ಷವರ್ಷವೂ ಬೂಸ್ಟರ್ ಬೇಕಿತ್ತು, ಚುಚ್ಚಿದಲ್ಲಿ ನೋವು ಬೇರೆ. ಜನ ಎರಡನೆಯ ಡೋಸ್‌ಗೆ ಬರದಿದ್ದರೆ ಅವರನ್ನೇ ದೂರುವುದು ನ್ಯಾಯವಲ್ಲ. ಕೊನೆಗೆ 2022ರಲ್ಲಿ ಆ ಲಸಿಕೆಯೇ ನಿಂತಿತು. ಇತ್ತ ಆಸ್ಟ್ರಿಯಾ ತನ್ನ ಉಣ್ಣೆ ಮಿದುಳುಜ್ವರಕ್ಕೆ 1976ರಲ್ಲಿ ಲಸಿಕೆ ತಂದು, ಅದನ್ನು ಇನ್ನಷ್ಟು ಶುದ್ಧಗೊಳಿಸಿ, 1981ರಿಂದ ದೇಶವಿಡೀ ಅಭಿಯಾನ ನಡೆಸಿ, ವರ್ಷಕ್ಕೆ ಹಲವು ನೂರು ಇದ್ದ ರೋಗಿಗಳ ಸಂಖ್ಯೆಯನ್ನು ನೂರರೊಳಕ್ಕೆ ಇಳಿಸಿತ್ತು. ವಿಜ್ಞಾನದ ಅಂತರಕ್ಕಿಂತ ಇದು ಹಣ ಮತ್ತು ಆಸಕ್ತಿಯ ಅಂತರ. ಕಾಡಂಚಿನ ಕೂಲಿಗಳು ಲಸಿಕೆಯ ಕಂಪನಿಗಳಿಗೆ ಮಾರುಕಟ್ಟೆಯಲ್ಲ.

ಈ ನಡುವೆ ರೋಗ ತನ್ನ ಹಳೆಯ ನೆಲೆ ದಾಟಿತು. 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿ ಕಂಡಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ತತ್ತರಿಸಿತು. ಪಿಸಿಆರ್ ಪರೀಕ್ಷೆ ಬಂದು ರೋಗದ ಪತ್ತೆ ಬೇಗವಾಗಿದೆ. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆಗೆ ಕೈಹಾಕಿವೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ.

ಹೊಸ ಲಸಿಕೆ ಕೈಸೇರುವವರೆಗೆ ಕಾಡಂಚಿನವರು ಕಾಡಿಗೆ ಹೋಗುವಾಗ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ, ಕಾಡಿಗೆ ಹೋಗಿದ್ದೆ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಿ.