ಪಿಟೀಲಿನೊಳಗೆ ಒಂದು ಸಂಗೀತ ಸಭೆ

ಬೆಂಗಳೂರಿನ ವೈಯಾಲಿಕಾವಲ್ ಕಡೆ ಮೊದಲ ಸಲ ಹೋದವರು ಆ ಕಟ್ಟಡದ ಮುಂದೆ ಒಂದು ಗಳಿಗೆ ನಿಂತೇ ನಿಲ್ಲುತ್ತಾರೆ. ತಂತಿ, ಬಿರಡೆ, ಕುದುರೆ, ಕಮಾನು ಎಲ್ಲವೂ ಇರುವ ಬೃಹತ್ ಪಿಟೀಲು ಅದು. ತಂತಿಗಳನ್ನು ಎಣಿಸಿದರೆ ಏಳು. ಆದರೆ ಪಿಟೀಲಿಗೆ ಇರುವುದು ನಾಲ್ಕೇ ತಂತಿಯಲ್ಲವೆ?

ಚೌಡಯ್ಯ ಸ್ಮಾರಕ ಭವನದ ಕಥೆ ಆರಂಭವಾಗುವುದು ಈ ಲೆಕ್ಕದಿಂದಲೇ.

ತಿರುಮಕೂಡಲು ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಅವರು ಕಛೇರಿಗೆ ಕೂರಲಾರಂಭಿಸಿದ ದಿನಗಳಲ್ಲಿ ಧ್ವನಿವರ್ಧಕ ಇರಲಿಲ್ಲ. ಗಾಯಕರ ತುಂಬು ಕಂಠದೆದುರು ನಾಲ್ಕು ತಂತಿಯ ನಾದ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ಅದಕ್ಕೆ ಅವರು 1920ರ ದಶಕದಲ್ಲಿ ಒಂದು ಉಪಾಯ ಹುಡುಕಿದರು. ಮೂರು ತಂತಿಗಳಿಗೆ ಒಂದೊಂದು ಜೊತೆ ತಂತಿ ಕಟ್ಟಿದರು. ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿದು ನಾದ ತುಂಬಿಕೊಂಡಿತು. ಜೊತೆಗೆ ಕಷ್ಟವೂ ಹೆಚ್ಚಿತು: ಶ್ರುತಿ ಕೂಡಿಸಬೇಕಾದ ತಂತಿಗಳು ಏಳಾದವು, ಬೆರಳು ಎರಡೆರಡು ತಂತಿಗಳನ್ನು ಒಮ್ಮೆಲೇ ಒತ್ತಬೇಕಾಯಿತು. ಚೌಡಯ್ಯನವರು ಅದನ್ನೂ ಸಾಧಿಸಿದರು. ಮೈಸೂರು ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ 'ಸಂಗೀತ ಕಲಾನಿಧಿ' ಬಿರುದು ಅವರಿಗೆ ಸಂದಿತು. 1967ರಲ್ಲಿ ಅವರು ಕಾಲವಾದರು.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಸಭಾಂಗಣಗಳೇ ಇರಲಿಲ್ಲವೆಂದಲ್ಲ. 1935ರ ಪುರಭವನವಿತ್ತು, 1963ರ ರವೀಂದ್ರ ಕಲಾಕ್ಷೇತ್ರವಿತ್ತು. ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದ ರಾಮೋತ್ಸವದ ಕಛೇರಿಗಳಿಗೆ ಚಪ್ಪರವೇ ಸಾಕಾಗಿತ್ತು. ಆದರೆ ಸಂಗೀತಗಾರನೊಬ್ಬನ ನೆನಪಿಗಾಗಿಯೇ ಎದ್ದ ಇಂಥ ಭವನ ಇರಲಿಲ್ಲ. ಚೌಡಯ್ಯನವರ ಅಭಿಮಾನಿ ಕೆ.ಕೆ. ಮೂರ್ತಿ ಅವರು ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆಯ ಮೂಲಕ ಆ ಕೆಲಸಕ್ಕೆ ಕೈ ಹಾಕಿದರು. ಸಾವಿರಕ್ಕೂ ಹೆಚ್ಚು ಆಸನಗಳ ಭವನ 1980ರಲ್ಲಿ ಬಾಗಿಲು ತೆರೆಯಿತು.

ಕಟ್ಟಡಕ್ಕೆ ವಾದ್ಯದ ಆಕಾರ ಕೊಡುವುದು ಬರೀ ಚಮತ್ಕಾರವೆಂದು ಮೂಗು ಮುರಿಯುವವರು ಇರಬಹುದು. ಪಿಟೀಲಿನ ಆಕಾರವಿದ್ದ ಮಾತ್ರಕ್ಕೆ ಗೋಡೆಗಳು ನಾದ ಹೊರಡಿಸುವುದಿಲ್ಲ ಎಂಬುದೂ ನಿಜವೇ. ಆದರೆ ಈ ಆಕಾರಕ್ಕೆ ಬೇರೊಂದು ಅರ್ಥವಿದೆ. ನಮ್ಮ ಕಛೇರಿ ಪದ್ಧತಿಯಲ್ಲಿ ಪಿಟೀಲು ಪಕ್ಕವಾದ್ಯ. ವೇದಿಕೆಯ ನಡುವೆ ಕೂರುವವರು ಗಾಯಕರು, ಕಛೇರಿ ನಡೆಯುವುದು ಅವರ ಹೆಸರಿನಲ್ಲಿ. ಪಿಟೀಲಿನವರು ಪಕ್ಕದಲ್ಲಿ ಕುಳಿತು ಅವರನ್ನು ಅನುಸರಿಸಬೇಕು. ಚೌಡಯ್ಯನವರೂ ಘಟಾನುಘಟಿ ಗಾಯಕರ ಪಕ್ಕದಲ್ಲಿ ಹಾಗೆಯೇ ಕುಳಿತವರು. ಈ ಭವನದಲ್ಲಿ ಆ ಲೆಕ್ಕ ತಿರುಗುಮುರುಗಾಗಿದೆ. ಇಲ್ಲಿ ಎಷ್ಟೇ ದೊಡ್ಡ ಗಾಯಕರು ಬಂದರೂ ಪಿಟೀಲಿನೊಳಗೆ ಕುಳಿತೇ ಹಾಡಬೇಕು.

ಇಂದು ಇಲ್ಲಿ ಸಂಗೀತದ ಜೊತೆಗೆ ನಾಟಕ, ನೃತ್ಯ, ಸಮಾರಂಭಗಳೂ ನಡೆಯುತ್ತವೆ. ಧ್ವನಿವರ್ಧಕವಿಲ್ಲದ ಕಛೇರಿ ಈಗ ಅಪರೂಪ. ಏಳು ತಂತಿಯ ಪಿಟೀಲು ನುಡಿಸುವವರು ಇನ್ನೂ ಅಪರೂಪ. ಆದರೂ ಹಿಂದಿನ ಸಾಲಿನಲ್ಲಿ ಕುಳಿತ ರಸಿಕನಿಗೆ ಸ್ವರವೊಂದು ಸ್ಪಷ್ಟವಾಗಿ ಕೇಳಿಸಿದರೆ, ಚೌಡಯ್ಯನವರು ಮೂರು ತಂತಿ ಹೆಚ್ಚು ಕಟ್ಟಿದ್ದು ಅವನಿಗಾಗಿಯೇ ಎಂಬುದನ್ನು ನೆನೆಯಬಹುದು.